ಹಗೇವಿಗೆ ನೀರು

ಹಿರೇಮುರಡಿಗೆ ಹೆಣ್ಣು ಕೊಡಲು ಬರುವವರು ಆ ಕಾಲದಲ್ಲಿ ಹುಡುಗನ ಮುಖಕ್ಕಿಂತ ಮೊದಲು ಮನೆಯ ನೆಲ ನೋಡುತ್ತಿದ್ದರು. ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಒಳಗಿನ ಪರಸಿ ಕಲ್ಲಿನ ಮೇಲೆ ಎರಡೂ ಅಂಗಾಲು ಊರಿ, ಒಂದು ಗಳಿಗೆ ಮಾತಿಲ್ಲದೆ ನಿಲ್ಲುತ್ತಿದ್ದರು. ನೆಲ ತಣ್ಣಗಿದ್ದರೆ ಚಹಾಕ್ಕೆ ಕೂಡುತ್ತಿದ್ದರು. ಬಿಸಿಲು ನಲವತ್ತೆಂಟು ದಾಟುವುದು ಸುದ್ದಿಯೇ ಅಲ್ಲದ ದಿನಗಳವು. ಕಲಬುರಗಿ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಊರಿಗೆ ಊರೇ ಹನ್ನೊಂದಕ್ಕೆ ಬಾಗಿಲು ಹಾಕಿ ಐದಕ್ಕೆ ತೆಗೆಯುತ್ತಿತ್ತು. ಹಿರೇಮುರಡಿಯಲ್ಲಿ ಮಾತ್ರ ನಡುಮಧ್ಯಾಹ್ನ ಹೆಂಗಸರು ನೆಲದ ಮೇಲೆ ಕಾಲು ಚಾಚಿ ಕೂತು ಶಾವಿಗೆ ಹೊಸೆಯುತ್ತಿದ್ದರು, ಕೂಸುಗಳು ಬರಿಮೈಯಲ್ಲಿ ಬೋರಲು ಬಿದ್ದು ನಿದ್ದೆ ಮಾಡುತ್ತಿದ್ದವು. ಯಾವ ಕಲ್ಲಿನ ಕೆಳಗೆ ಕೊಳವೆ ಹಾದಿದೆ ಎಂಬುದನ್ನು ಮನೆಯ ಬೆಕ್ಕು ಕಲ್ಲು ಹಾಸಿದ ಮೇಸ್ತ್ರಿಗಿಂತ ಚೆನ್ನಾಗಿ ಬಲ್ಲದಾಗಿತ್ತು.

ಈ ತಂಪನ್ನು ಕಾಯುತ್ತಿದ್ದವಳು ಜಗದೇವಿ. ನಲವತ್ತಾರರ ಹೆಂಗಸು, ಮಾತಿಗಿಂತ ನೋಡುವುದು ಹೆಚ್ಚು. ಊರ ನಡುವಿನ ಹಳೆಯ ಚಾವಡಿಯೇ ಯಂತ್ರದ ಮನೆ. ಒಳಗೆ ಕಪಾಟಿನಷ್ಟು ದೊಡ್ಡ ಎರಡು ಪಂಪುಗಳು. ಊರವರು ಅವಕ್ಕೆ ಜೋಡೆತ್ತು ಎನ್ನುತ್ತಿದ್ದರು. ಎದುರಿಗೊಂದು ಪರದೆ, ಪರದೆಯ ತುಂಬ ಅಂಕಿ, ಅದರ ಮುಂದೆ ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಜಗದೇವಿ. ಪರಊರಿನವರು ನೋಡಲು ಬಂದರೆ ಅವಳು ಹೇಳುತ್ತಿದ್ದುದು ಇಷ್ಟು:

"ಭೂಮಿ ಕಾವು ಎರಡು ನಮೂನಿ ನೋಡ್ರಿ. ಒಂದು ಆಳದ್ದು. ಬಿಸಿನೀರಿನ ಬುಗ್ಗಿ ಇದ್ದಲ್ಲಿ ಮೈಲುಗಟ್ಟಲೆ ಕೊರದು, ಉಗಿ ಮ್ಯಾಲ ತಂದು, ಚಕ್ರ ತಿರುಗಿಸಿ ಕರೆಂಟ್ ಮಾಡ್ತಾರ. ಅದು ನಮ್ಮಲ್ಲಿಲ್ಲ. ನಮ್ದು ಮ್ಯಾಲಿನದು. ಇಪ್ಪತ್ತು ಫೂಟ್ ತೆಳಗ ಹೋದ್ರ ಮಣ್ಣಿಗಿ ಬ್ಯಾಸಗಿನೂ ತಿಳಿಯಲ್ಲ, ಚಳಿನೂ ತಿಳಿಯಲ್ಲ, ವರ್ಷಪೂರ್ತಿ ಒಂದೇ ಹದ. ಮನಿಯೊಳಗಿನ ಕಾವು ನೀರಿನ ಮ್ಯಾಲ ಹೇರಿ ಅಲ್ಲಿ ಇಳಿಸಿ ಬರೋದು. ಚಳಿಗಾಲಕ್ಕ ಅಲ್ಲಿಂದ ಹೇರಿಕೊಂಡು ಬಂದು ಮನಿ ಬೆಚ್ಚಗ ಮಾಡೋದು. ಒಂದು ಪಾಲು ಕರೆಂಟ್ ತಿಂದು ನಾಕು ಪಾಲು ಕಾವು ಹೊರತಾವ ಇವು. ಎತ್ತು ಅಂದಿದ್ದು ಸುಳ್ಳಲ್ಲ."

ಕಾವು ಇಳಿಸಿ ಬರುತ್ತಿದ್ದ ಜಾಗವೇ ಹಗೇವಿನ ಬಯಲು. ಹಗೇವು ಎಂದರೆ ಹಿಂದಿನವರು ಜೋಳ ಇಡಲು ತೋಡಿದ ನೆಲಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಆಳ ಮೂರಾಳು. ಎತ್ತರದ ಗಟ್ಟಿ ಮೊರಂ ನೆಲದಲ್ಲಿ ತೋಡಿ, ಒಳಗೆ ಹುಲ್ಲು ಕಟ್ಟಿ, ಕಾಳು ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮೂರು ವರ್ಷವಾದರೂ ಹುಳ ಬೀಳುತ್ತಿರಲಿಲ್ಲ. ಹಿರೇಮುರಡಿಯಲ್ಲಿ ಮನೆಗೊಂದರಂತೆ ನಲವತ್ತೆರಡು ಹಗೇವು. ಗೋದಾಮು ಬಂದ ಮೇಲೆ ಅವು ಖಾಲಿ ಬಿದ್ದಿದ್ದವು.

ತಂಪಿನ ಯೋಜನೆ ಊರಿಗೆ ಬಂದಾಗ, ಕೊಳವೆ ಹೂಳಲು ಜಾಗ ಯಾವುದು ಎಂಬ ಸಭೆ ನಡೆದಿತ್ತು. ಪೈಪಿನ ಅಂಗಡಿಯ ರಾಚಪ್ಪ ಊರ ಕೆಳಗಿನ ತಗ್ಗು ತೋರಿಸಿದ್ದ. ಊರ ಬಚ್ಚಲ ನೀರೆಲ್ಲ ಹೋಗಿ ನಿಲ್ಲುವ ಜಾಗ ಅದು. ಜಗದೇವಿ ಎದ್ದು ನಿಂತು, "ಆ ಮೋರಿ ವಾಸನ್ಯಾಗ ಊರ ತಂಪು ಇಡ್ತೀರೇನು? ಜೋಳ ಕಾಯ್ದ ನೆಲ ನಮ್ಮದು. ಹಗೇವಿನಷ್ಟು ತಣ್ಣಂದು ಮತ್ಯಾವುದದ?" ಅಂದಿದ್ದಳು. ಜನ ಚಪ್ಪಾಳೆ ಹೊಡೆದಿದ್ದರು. ಮಂಗಳೂರು ಕಡೆಯ ಎಂಜಿನಿಯರ್ ವಿಲ್ಮಾ ಲೋಬೊ ಗುಂಡಿಗಳನ್ನು ಅಳೆದು, ತೋಡುವ ಕೆಲಸವೇ ಇಲ್ಲ ಎಂದು ಖುಷಿಪಟ್ಟು ಒಪ್ಪಿದ್ದಳು. ಒಂದೊಂದು ಹಗೇವಿನೊಳಗೂ ಕೊಳವೆಯನ್ನು ಸಿಂಬಿ ಸುತ್ತಿದಂತೆ ಸುತ್ತಿ, ಅದೇ ನೆಲದ ಮೊರಂ ಕೊರಳಿನ ತನಕ ತುಂಬಿ ಬಾಯಿಗೆ ಕಲ್ಲು ಮುಚ್ಚಿದರು. ಮೊದಲ ಬೇಸಿಗೆ ಊರು ಹಬ್ಬ ಮಾಡಿತು.

ಇದೀಗ ಮೂರನೆಯ ಬೇಸಿಗೆ. ಹಗೇವಿಗೆ ಹೋಗಿ ಕಾವು ಇಳಿಸಿ ಹಿಂದಿರುಗುವ ನೀರು ಮೊದಲ ವರ್ಷ ಇಪ್ಪತ್ತೊಂಬತ್ತು ಡಿಗ್ರಿ ಇರುತ್ತಿತ್ತು. ಎರಡನೆಯ ವರ್ಷ ಮೂವತ್ತೆರಡು. ಈಗ ಏಪ್ರಿಲ್ ಮೊದಲ ವಾರಕ್ಕೇ ಮೂವತ್ತೇಳು. ನಲವತ್ತಾದರೆ ಜೋಡೆತ್ತು ತಾವಾಗಿಯೇ ನಿಂತುಬಿಡುತ್ತವೆ.

ಮನೆಯಲ್ಲಿ ಅತ್ತೆ ಪುತಳಾಬಾಯಿಗೆ ಅಂಕಿ ಬೇಕಿರಲಿಲ್ಲ. ತೊಗರಿ ಹಸನು ಮಾಡುತ್ತಾ ಕೂತಿದ್ದವಳು ಅಂಗೈ ನೆಲಕ್ಕೊತ್ತಿ ನೋಡಿ, "ಯಾಕ ಜಗದೇವಿ, ನೆಲಕ್ಕ ಜ್ವರ ಬಂದಂಗ ಅದಲ್ಲ" ಅಂದಳು.

"ಸ್ವಲ್ಪ ಬೆಚ್ಚಗದ ಅತ್ತಿ. ಸರಿ ಆಗ್ತದ."

"ಕೂಸಿನ ಮೈ ಮುಟ್ಟಿ ಸುಳ್ಳು ಹೇಳೋ ಡಾಕ್ಟರ್ ಹಂಗ ಹೇಳಬ್ಯಾಡ. ಸಂಜಿಗಿ ಬೆಕ್ಕು ಎದ್ದು ಹೊರಗ ಹೋತು."

ಬೆಕ್ಕು ಎದ್ದು ಹೋಯಿತೆಂದರೆ ಇನ್ನೇನು ಉಳಿಯಿತು? ಅದೇ ವಾರ ಯೋಜನೆಯ ಮಂಡಳಿಯಿಂದ ಕಾಗದ ಬಂದಿತ್ತು. ಮೇ ಇಪ್ಪತ್ತಕ್ಕೆ ಅಧಿಕಾರಿ ಬಂದು ಅಳೆಯುತ್ತಾರೆ. ಹಿಂದಿರುಗುವ ನೀರು ಮೂವತ್ತಾರಕ್ಕಿಂತ ಮೇಲಿದ್ದರೆ ಪಂಪುಗಳನ್ನು ಬಿಚ್ಚಿ, ಸಾಲಿನಲ್ಲಿ ಕಾಯುತ್ತಿರುವ ಬೇರೊಂದು ಊರಿಗೆ ಒಯ್ಯುತ್ತಾರೆ. ಊರವರು ಹೇಳಿದ ಕಡೆ ಹೂತಿದ್ದರೆ ಮಂಡಳಿ ಏನು ಮಾಡೀತು? ಊರವರು ಹೇಳಿದ್ದು ಜಗದೇವಿ ಹೇಳಿದಳೆಂದು.

ವಿಲ್ಮಾ ಫೋನಿನಲ್ಲೇ ಅಂಕಿಗಳನ್ನೆಲ್ಲ ತರಿಸಿಕೊಂಡು ನೋಡಿದಳು. "ಪಂಪು ಸರಿ ಇದೆ, ಕೊಳವೆ ಸೋರ್ತಾ ಇಲ್ಲ. ನಾವು ಕೊಟ್ಟ ಕಾವು ಮಣ್ಣಿನಿಂದ ಆಚೆ ಹೋಗ್ತಾನೇ ಇಲ್ಲ, ಜಗದೇವಿಯವರೇ. ಯಾಕೆ ಅಂತ ನನಗೂ ಗೊತ್ತಾಗ್ತಾ ಇಲ್ಲ."

ಯಂತ್ರದ ಮನೆಯ ನೆಲಕ್ಕೂ ಕೊಳವೆ ಇದ್ದದ್ದರಿಂದ ಮಧ್ಯಾಹ್ನದ ಹೊತ್ತು ಕೆಲವು ಮುದುಕರು ಅಲ್ಲೇ ಒರಗುತ್ತಿದ್ದರು. ಲಾಲಸಾಬ ಅವರಲ್ಲೊಬ್ಬ. ಎಂಬತ್ತೈದು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಹರೆಯದಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಗೇವಿಗೆ ಇಳಿದು ಕಾಳು ತುಂಬಿ ಕೊಡುವುದೇ ಅವನ ಕೆಲಸವಾಗಿತ್ತು. ಅವತ್ತು ಜಗದೇವಿಯ ಮುಖ ನೋಡಿ ಎದ್ದು ಕೂತ.

"ಏನ ತಂಗಿ, ಆ ಪರದೆ ನಿನಗೇನರ ಬಯ್ತೇನು? ಮಾರಿ ಹಿಂಗ್ಯಾಕ?"

"ಹಗೇವು ಬಿಸಿ ಆಗ್ಲಾಕತ್ತಾವ ಕಾಕಾ. ಅಷ್ಟು ತಣ್ಣನ ಹಗೇವು ಯಾಕ ಬಿಸಿ ಆದ್ವೋ ಮೇಡಂಗೂ ತಿಳಿವಲ್ದು."

ಲಾಲಸಾಬ ನಕ್ಕ. ನಗು ಕೆಮ್ಮಾಗಿ, ಕೆಮ್ಮು ನಿಂತ ಮೇಲೆ ಕೇಳಿದ: "ತಣ್ಣನ ಹಗೇವು ಯಾರು ನೋಡ್ಯಾರ?"

"ಎಲ್ಲಾರೂ ಹೇಳ್ತಾರಲ್ಲ."

"ಹೇಳೋರೆಲ್ಲ ಮ್ಯಾಲ ನಿಂತವರು. ಇಳದವ ನಾ. ಒಳಗ ಹೋದ್ರ ಹಿಟ್ಟಿನ ಗಿರಣಿ ಹೊಕ್ಕಂಗ ಧಗಿ ಬಡೀತಿತ್ತು. ಜೋಳದಾಗ ಕಾಲಿಟ್ರ ಮೊಳಕಾಲ ತನಕ ಬೆಚ್ಚಗ. ಕಾಳು ಉಸುರಾಡ್ತದ ತಂಗಿ, ಆ ಕಾವಿಗಿ ಹೊರಗ ಹೋಗ್ಲಾಕ ಹಾದಿ ಇಲ್ಲ. ನಿಮ್ಮ ಅತ್ತಿಗಿ ಕೇಳು, ಹಗೇವಿನ ಜೋಳ ಮ್ಯಾಲ ಬಂದ ದಿನಾನೇ ಬೀಸ್ತಿದ್ಳೇನಂತ."

ಜಗದೇವಿ ಈ ಮಾತನ್ನು ಅತ್ತೆಯ ಬಾಯಿಂದ ನೂರು ಸಲ ಕೇಳಿದ್ದಳು. "ಇಲ್ಲ. ಎರಡು ದಿನ ಅಂಗಳದಾಗ ಹರವೋರು."

"ಯಾಕ ಹರವೋರು?"

"ಕಾವು ಹೋಗ್ಲಿ ಅಂತ..." ಅಂದವಳೇ ಮಾತು ಅಲ್ಲಿಗೆ ನಿಲ್ಲಿಸಿದಳು. ಜೋಡೆತ್ತು ಗುಂಯ್‌ಗುಡುತ್ತಿದ್ದವು. ಕುರ್ಚಿ ಅವನತ್ತ ತಿರುಗಿಸಿ ಕೇಳಿದಳು, "ಮತ್ತ ನೀವು ಆವತ್ತು ಸಭಾದಾಗೇ ಇದ್ರಲ್ಲ ಕಾಕಾ. ಯಾಕ ಹೇಳಲಿಲ್ಲ?"

"ಯಾರು ಕೇಳಿದ್ರು?" ಅಂದ ಲಾಲಸಾಬ. ಬೇಸರದಿಂದ ಅಂದದ್ದಲ್ಲ, ಗಂಟೆ ಎಷ್ಟಾಯಿತು ಎಂದು ಹೇಳುವಷ್ಟು ಸಹಜವಾಗಿ ಅಂದು ಮತ್ತೆ ಒರಗಿದ.

ವಿಲ್ಮಾಗೆ ಇದನ್ನು ಹೇಳಿದಾಗ ಆ ಕಡೆಯಿಂದ "ಅಯ್ಯೋ ಮಾರಾಯ್ರೆ!" ಎಂಬ ಕೂಗು. "ಒಣ ಮಣ್ಣು ಅಂದರೆ ಕಂಬಳಿ ಇದ್ದ ಹಾಗೆ. ಕಂಬಳಿ ತಾನಾಗಿ ತಣ್ಣಗೂ ಇರೂದಿಲ್ಲ, ಬಿಸಿಯೂ ಇರೂದಿಲ್ಲ. ಒಳಗೆ ಇಟ್ಟದ್ದನ್ನು ಹಾಗೇ ಇಡ್ತದೆ. ಮೂರು ವರ್ಷದಿಂದ ನಾವು ಕಂಬಳಿಯೊಳಗೆ ಕೆಂಡ ತುಂಬಿಸ್ತಾ ಇದ್ದೇವೆ! ಚಳಿಗಾಲದಲ್ಲಿ ನೀವು ತೆಗೆಯೂದು ಒಂದು ಹಿಡಿ, ಬೇಸಿಗೆಯಲ್ಲಿ ಹಾಕೂದು ಒಂದು ಚೀಲ. ತಪ್ಪು ನನ್ನದೂ ಉಂಟು. ನಾನು ಅಳೆದದ್ದು ಮಳೆ ಮುಗಿದ ಮೇಲೆ. ತೆರೆದ ಗುಂಡಿ, ಒಳಗೆಲ್ಲ ಪಸೆ. ನಮ್ಮ ಕಡೆ ಎಲ್ಲಿ ಅಗೆದರೂ ಪಸೆಯೇ, ಹಾಗಾಗಿ ಅನುಮಾನವೇ ಬರಲಿಲ್ಲ."

"ಈಗೇನು ಮಾಡೋದು ಮೇಡಂ?"

"ನೀರು ಬಿಡಿ. ಮಣ್ಣಿನ ಸಂದಿಯಲ್ಲಿ ಗಾಳಿ ಇದ್ದ ಜಾಗದಲ್ಲಿ ನೀರು ಹೋಗಿ ಕೂತರೆ ಕಾವು ಎರಡು ಮೂರು ಪಟ್ಟು ಸಲೀಸಾಗಿ ದಾಟಿ ಹೋಗ್ತದೆ. ಒಳ್ಳೆ ನೀರೇ ಬೇಕಂತಿಲ್ಲ, ಸ್ನಾನದ ನೀರು ಸಾಕು. ದಿನಾ, ಎಲ್ಲಾ ಹಗೇವಿಗೆ."

ವಿಲ್ಮಾಗೆ ಅದು ನಾಲ್ಕು ಕೊಡ ನೀರಿನ ಮಾತು. ಈ ಸೀಮೆಯಲ್ಲಿ ಹೆಂಗಸರು ಜಗಳ ತಾರಕಕ್ಕೇರಿದಾಗ ಕಟ್ಟಕಡೆಗೆ ಬಿಡುತ್ತಿದ್ದ ಬೈಗುಳವೇ "ನಿಮ್ಮ ಹಗೇವಿಗಿ ನೀರು ಹೊಗ್ಲಿ" ಎಂಬುದು. ಅದನ್ನು ಒಮ್ಮೆ ಅಂದವರ ಮನೆಗೂ ಅನ್ನಿಸಿಕೊಂಡವರ ಮನೆಗೂ ಎರಡು ತಲೆಮಾರು ಮಾತಿರುತ್ತಿರಲಿಲ್ಲ.

ಮನೆಗೆ ಬಂದು ಅತ್ತೆಯ ಎದುರು ಕೂತು, ಲಾಲಸಾಬ ಹೇಳಿದ್ದನ್ನೂ ಮೇಡಂ ಹೇಳಿದ್ದನ್ನೂ ಒಂದೂ ಬಿಡದೆ ಹೇಳಿದಳು. ಪುತಳಾಬಾಯಿಯ ಕೈ ಮೊರದ ಮೇಲೆ ನಿಂತಿತು.

"ನೀರು? ಹಗೇವಿಗಿ? ನಾ ಲಗ್ನ ಆಗಿ ಬಂದ ವರ್ಷ ಅಡ್ಡಮಳಿ ಹೊಡೀತು. ಮೈಮ್ಯಾಲಿನ ಹಚ್ಚಡ ಸುದ್ದಾ ಒಯ್ದು ಹಗೇವಿನ ಬಾಯಿಗಿ ಒಡ್ಡು ಹಾಕೀವಿ. ನಿಮ್ಮ ಮಾವ ಅದರ ಮ್ಯಾಲ ಬಿದ್ದುಕೊಂಡಿದ್ದ, ಮಳಿ ನಿಲ್ಲೋ ತನಕ."

"ಈಗ ಒಳಗ ಜೋಳ ಇಲ್ಲಲ್ಲ ಅತ್ತಿ."

"ಇಲ್ಲಂತ ನನಗ ಗೊತ್ತದ. ನಾ ಏನು ಹುಚ್ಚಿ ಏನು?"

ಜಗದೇವಿ ಒತ್ತಾಯ ಮಾಡಲಿಲ್ಲ. ರೊಟ್ಟಿ ತಟ್ಟಿದಳು, ಪುಂಡಿಪಲ್ಯ ಬಡಿಸಿದಳು. ಅತ್ತೆ ನಡುನಡುವೆ ನೆಲ ಮುಟ್ಟಿ ನೋಡುತ್ತಿದ್ದುದನ್ನು ಕಂಡೂ ಕಾಣದವಳಂತಿದ್ದಳು.

ಮರುದಿನ ಬೆಳಿಗ್ಗೆ ಚಾವಡಿಯ ಮುಂದೆ ಸಭೆ. ಜಗದೇವಿ ನಿಂತು ಎಲ್ಲ ಹೇಳಿದಳು. ನೀರು ಎಂಬ ಮಾತು ಬಂದ ಕೂಡಲೇ ಹೆಂಗಸರ ಸಾಲಿನಲ್ಲಿ ಗುಜುಗುಜು ಎದ್ದಿತು. ರಾಚಪ್ಪ ಇದಕ್ಕೇ ಕಾದಿದ್ದವನಂತೆ ಹೆಗಲ ಮೇಲಿನ ಟವಲು ಸರಿಮಾಡಿಕೊಂಡು ಎದ್ದ.

"ಜಗದೇವಕ್ಕ, ತಗ್ಗಿನಾಗ ಹಾಕ್ರಿ ಅಂದಾಗ ಮೋರಿ ವಾಸನಿ ಅಂತ ನನ್ನ ಬಾಯಿ ಮುಚ್ಚಿಸಿದ್ರಿ. ಈಗ ಮೋರಿನೇ ಹೊತ್ತುಕೊಂಡು ಹಗೇವಿಗಿ ಹೋಗೋಣು ಅಂತೀರಲ್ಲ!"

ಜನ ನಕ್ಕರು. ಜಗದೇವಿ ನಗು ಮುಗಿಯುವ ತನಕ ಕಾದಳು.

"ಹೌದು ರಾಚಪ್ಪ. ನೀ ಹೇಳಿದ್ದೇ ಖರೆ ಇತ್ತು. ಹಗೇವಿನ ಬಯಲು ಆರಿಸಿದ್ದು ನನ್ನ ತಪ್ಪು. ಹಗೇವು ತಣ್ಣಗ ಅಂತ ಊರಿಗೆಲ್ಲ ಹೇಳ್ದೆ, ಒಳಗ ಇಳದವರಿಗಿ ಒಂದು ಮಾತು ಕೇಳಲಿಲ್ಲ."

ಜಗಳಕ್ಕೆ ಸಜ್ಜಾಗಿ ಬಂದಿದ್ದ ರಾಚಪ್ಪನಿಗೆ ಈಗ ಟವಲು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. "ಹಂಗೇನಿಲ್ಲಕ್ಕ... ನಾ ಏನು ಮಣ್ಣಿನ ವಿಚಾರ ಮಾಡಿ ಹೇಳಿದ್ದಲ್ಲ. ತಗ್ಗು ನಮ್ಮ ಅಂಗಡಿಗಿ ಸಮೀಪ ಆಗ್ತಿತ್ತು, ಅದಕ್ಕಂದಿದ್ದೆ" ಎಂದ. ಈ ಸಲದ ನಗು ಮೊದಲಿನದಕ್ಕಿಂತ ದೊಡ್ಡದಾಗಿತ್ತು.

ಆದರೂ ಹಗೇವಿಗೆ ನೀರು ಬಿಡುತ್ತೇನೆಂದು ಯಾರೂ ಮುಂದೆ ಬರಲಿಲ್ಲ. ಆಗ ಹಿಂದಿನಿಂದ ದಾರಿ ಬಿಡಿಸಿಕೊಂಡು ಪುತಳಾಬಾಯಿ ಬಂದಳು. ಹುಟ್ಟಿದಂದಿನಿಂದ ಸಭೆಯ ಕಟ್ಟೆ ಹತ್ತದ ಹೆಂಗಸು. ಸೊಂಟದ ಮೇಲೆ ಕೊಡ, ಕೊಡದಲ್ಲಿ ಅವತ್ತಿನ ಅವಳ ಮೈತೊಳೆದ ನೀರು.

"ನಮ್ಮ ಮನಿ ಹಗೇವಿಂದ ಶುರು ಮಾಡ್ರಿ. ನಾನೇ ಹಾಕ್ತೀನಿ. ಕಾಳು ಇದ್ದಾಗ ಕಾಳು ಕಾಯ್ದಿವಿ, ಈಗ ನೆಲ ಕಾಯೋಣು. ಬ್ಯಾಗ ನಡೀರಿ, ಕೊಡ ಭಾರ ಆಗ್ಯಾದ."

ಊರು ಅವಳ ಹಿಂದೆ ಹೊರಟಿತು. ಹಗೇವಿನ ಬಯಲಲ್ಲಿ ಕಲ್ಲು ಸರಿಸಲು ನಾಲ್ವರು ಹಾರೆ ಹಚ್ಚಿದರೆ ಲಾಲಸಾಬ ಕೋಲು ಅಡ್ಡ ಹಿಡಿದ. "ದೀಪ ಇಳಸ್ದೆ ಹಗೇವಿನ ಸಮೀಪ ಹೋಗಂಗಿಲ್ಲ."

"ಕಾಕಾ, ಒಳಗ ಮಣ್ಣು ತುಂಬ್ಯಾದ. ಯಾರು ಇಳೀತಾರ ಈಗ?" ಎಂದ ರಾಚಪ್ಪ.

"ಇಳೀಲಿ ಬಿಡ್ಲಿ. ಮುಚ್ಚಿದ ಹಗೇವಿನಾಗ ಕೆಟ್ಟ ಗಾಳಿ ಕೂತಿರ್ತದ. ಬಗ್ಗಿ ನೋಡಿದವರೂ ಬಿದ್ದಾರ. ನೀ ಮೊದಲು ದೀಪ ತಾ."

ದೀಪ ಬಂತು. ಕಲ್ಲು ಒಂದು ಗೇಣು ಸರಿಸಿ, ಎಲ್ಲರನ್ನೂ ಹಿಂದೆ ನಿಲ್ಲಿಸಿ, ಹಗ್ಗಕ್ಕೆ ಕಟ್ಟಿದ ಕಂದೀಲನ್ನು ಲಾಲಸಾಬ ಹಗೇವಿನ ಕೊರಳಿಗೆ ಇಳಿಬಿಟ್ಟ. ಒಂದು ಮೊಳ ಇಳಿಯುವಷ್ಟರಲ್ಲಿ ಕುಡಿ ಸಣ್ಣಗಾಗಿ ನಂದಿಹೋಯಿತು. ರಾಚಪ್ಪ ಎರಡು ಹೆಜ್ಜೆ ಹಿಂದೆ ಸರಿದದ್ದನ್ನು ಎಲ್ಲರೂ ನೋಡಿದರು. ಕಲ್ಲು ಪೂರ್ತಿ ಸರಿಸಿ ಅರ್ಧ ತಾಸು ಕಾದರು. ಮತ್ತೆ ಇಳಿಸಿದಾಗ ದೀಪ ನೆಟ್ಟಗೆ ನಿಂತು ಉರಿಯಿತು.

"ಈಗ ಹಾಕು ಪುತಳಾಬಾಯಿ," ಎಂದ ಲಾಲಸಾಬ.

ಪುತಳಾಬಾಯಿ ಕೊಡ ಬಗ್ಗಿಸುವ ಮೊದಲು ಕಣ್ಣು ಮುಚ್ಚಿದಳು. ನೀರು ಬಿದ್ದ ಸದ್ದೇ ಕೇಳಲಿಲ್ಲ; ಕಾದ ಮೊರಂ ಅದನ್ನು ಸೊಂಯ್ ಎಂದು ಕುಡಿಯಿತು. ಹಸಿ ಮಣ್ಣಿನ ವಾಸನೆ ಮೇಲೆದ್ದು ಬಂತು. ಅವಳು ಖಾಲಿ ಕೊಡ ಎತ್ತಿಕೊಂಡು, "ಇನ್ನೊಂದು ಕೊಡ ಬೇಡ್ತದ ಇದು" ಎಂದಳು.

ಮರುದಿನದಿಂದ ಹಿರೇಮುರಡಿಯ ಬಚ್ಚಲ ನೀರು ಒಂದು ಹನಿಯೂ ತಗ್ಗಿಗೆ ಹೋಗಲಿಲ್ಲ. ರಾಚಪ್ಪ ತನ್ನ ಅಂಗಡಿಯ ಪೈಪು ತಂದು, ತಾನೇ ನಿಂತು ಮನೆಮನೆಯ ಬಚ್ಚಲಿಗೆ ಜೋಡಿಸತೊಡಗಿದ. ಅದು ಮುಗಿಯುವ ತನಕ ಬೆಳಿಗ್ಗೆ ಬಯಲಿನ ದಾರಿ ತುಂಬ ಕೊಡ, ಬಕೀಟು. ಸ್ನಾನವಾಯಿತೇ ಎಂದು ಕೇಳುವ ಬದಲು ಹಗೇವಿಗೆ ಹಾಕಿದೆಯಾ ಎಂದು ಕೇಳುವುದು ರೂಢಿಯಾಯಿತು. ಸ್ನಾನಕ್ಕೆ ಕಳ್ಳಬೀಳುವ ಗಂಡಸರನ್ನು ಹೆಂಡಂದಿರು ಹಗೇವಿನ ಹೆಸರು ಹೇಳಿ ಬಚ್ಚಲಿಗೆ ಅಟ್ಟುತ್ತಿದ್ದರು.

ಯಂತ್ರದ ಮನೆಯಲ್ಲಿ ಮಾತ್ರ ಅಂಕಿ ಇಳಿಯಲಿಲ್ಲ. ಮೊದಲ ದಿನ ಮೂವತ್ತೆಂಟು ಪಾಯಿಂಟ್ ಎರಡು. ನಾಲ್ಕನೆಯ ದಿನ ಮೂವತ್ತೆಂಟೂ ಒಂಬತ್ತು. ವಾರ ಕಳೆದರೂ ಅಲ್ಲೇ. ಜಗದೇವಿ ಬುತ್ತಿಯನ್ನು ಪರದೆಯ ಮುಂದೆಯೇ ಬಿಚ್ಚುತ್ತಿದ್ದಳು. ಮೇಡಂ ಫೋನಿನಲ್ಲಿ, "ಮೇಲಿನ ಮಣ್ಣು ನೆನೆಯದೆ ಕೆಳಗಿಂದು ನೆನೆಯೂದಿಲ್ಲ, ಸ್ವಲ್ಪ ತಡೀರಿ" ಎನ್ನುತ್ತಿದ್ದಳು. ಮನೆಯಲ್ಲಿ ಅತ್ತೆ, "ಇವತ್ತೆಷ್ಟು?" ಎಂದು ಕೇಳುತ್ತಿದ್ದಳು. "ಅಷ್ಟೇ ಅದ ಅತ್ತಿ." "ಅಷ್ಟೇ ಅದ ಅಂದ್ರ ಏರಿಲ್ಲ ಅಂದಂಗಾತು. ಊಟ ಮಾಡು."

ಒಂಬತ್ತನೆಯ ದಿನ ಬೆಳಿಗ್ಗೆ ಮೂವತ್ತೆಂಟೂ ಏಳು ಎಂದು ತೋರಿಸಿತು. ಜಗದೇವಿ ಸೆರಗಿನಿಂದ ಪರದೆ ಒರೆಸಿ ಮತ್ತೆ ನೋಡಿದಳು. ಮಧ್ಯಾಹ್ನಕ್ಕೆ ಮೂವತ್ತೆಂಟೂವರೆ. ಯಾರಿಗೂ ಹೇಳಲಿಲ್ಲ. ಮರುದಿನವೂ ಇಳಿಯಿತು. ಅದರ ಮರುದಿನವೂ. ಮನೆಮಂದಿಯೆಲ್ಲ ಎಣ್ಣೆ ಹಚ್ಚಿ ತಲೆ ತೊಳೆದುಕೊಳ್ಳುವ ದಿನ ಒಂದು ಗೆರೆ ಹೆಚ್ಚೇ ಇಳಿಯುತ್ತದೆಂಬುದನ್ನು ಕಂಡು ಅವಳು ಒಬ್ಬಳೇ ನಕ್ಕಳು.

ಮೇ ಇಪ್ಪತ್ತರಂದು ಮಂಡಳಿಯ ಅಧಿಕಾರಿ ಬಂದ. ಹೊರಗೆ ನಲವತ್ತೇಳು. ತನ್ನದೇ ಮಾಪಕವನ್ನು ಹಿಂದಿರುಗುವ ಕೊಳವೆಗೆ ಕಟ್ಟಿ, ಕುರ್ಚಿ ಎಳೆದುಕೊಂಡು ಕೂತ. ಒಂದು ತಾಸು ಅಳೆಯಬೇಕೆಂಬುದು ನಿಯಮ. ಬಾಗಿಲಲ್ಲಿ, ಕಿಟಕಿಯಲ್ಲಿ, ಕಟ್ಟೆಯ ಮೇಲೆ ಊರೇ ನಿಂತಿತ್ತು. ಪುತಳಾಬಾಯಿ ನೆಲದ ಮೇಲೆ ಕೂತು ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ತಾಸು ಮುಗಿದಾಗ ಅಧಿಕಾರಿ ಕನ್ನಡಕ ಏರಿಸಿ ಓದಿದ.

"ಮೂವತ್ತೈದೂ ನಾಲ್ಕು."

ಕಾಗದದ ಮೇಲೆ ಅದನ್ನೇ ಬರೆದ. ಕೆಳಗೆ ಸಹಿ ಹಾಕುತ್ತಾ, "ಪಂಪು ಇಲ್ಲೇ ಇರ್ತಾವ. ಆದ್ರ ಒಂದು ಮಾತು, ಹಾದಿ ತುಂಬ ಬಕೀಟು ಹಿಡಕೊಂಡು ಜನ ಎಲ್ಲಿಗಿ ಹೊಂಟಿದ್ರು?" ಎಂದು ಕೇಳಿದ. ಉತ್ತರಿಸಲು ಹತ್ತು ಬಾಯಿ ಒಟ್ಟಿಗೆ ತೆರೆದವು. ರಾಚಪ್ಪ ಅವನ ಕೈಹಿಡಿದು, ತೋರಿಸ್ತೀನಿ ಬರ್ರಿ ಎಂದು ಬಯಲಿನ ಕಡೆ ಕರೆದೊಯ್ದ. ಜನ ಗದ್ದಲ ಮಾಡಿಕೊಂಡು ಹಿಂದೆ ಹೊರಟರು. ಪುತಳಾಬಾಯಿಯೂ ಬೆಕ್ಕನ್ನು ನೆಲಕ್ಕಿಳಿಸಿ ಎದ್ದಳು; ಅದು ಏಳಲಿಲ್ಲ.

ಯಂತ್ರದ ಮನೆಯಲ್ಲಿ ಉಳಿದವರು ಇಬ್ಬರೇ. ಲಾಲಸಾಬ ಗೋಡೆಗೆ ಒರಗಿ ಕೂತಿದ್ದ. ಜಗದೇವಿ ಪರದೆಯತ್ತ ನೋಡದೆ ಅವನ ಹತ್ತಿರ ಹೋಗಿ, ಕೈ ಹಿಡಿದು ಎಬ್ಬಿಸಿ, ಹಗೇವಿನಿಂದ ಬರುವ ಕೊಳವೆಯ ಮುಂದೆ ನಿಲ್ಲಿಸಿದಳು.

"ಏನ ತಂಗಿ?"

"ನಾ ಕೇಳ್ಲಾಕತ್ತೀನಿ ಕಾಕಾ. ಹಗೇವು ಹ್ಯಾಂಗದ?"

ಲಾಲಸಾಬ ಅಂಗೈಯನ್ನು ಲುಂಗಿಗೆ ಒರೆಸಿಕೊಂಡು ಕೊಳವೆಯ ಮೇಲಿಟ್ಟ. ಅವಸರ ಮಾಡಲಿಲ್ಲ. ಒಮ್ಮೆ ಅಂಗೈ, ಒಮ್ಮೆ ಮುಂಗೈ ಇಟ್ಟು ನೋಡಿದ.

"ತಣ್ಣಗದ," ಅಂದ. ಕೈ ತೆಗೆಯಲಿಲ್ಲ.